ಬೇಸಿಗೆ ರಜೆಯ ಸಿನಿಮಾ: ಮನೆಮಂದಿಗೆಲ್ಲ ಒಪ್ಪುವ ಚಿತ್ರ ಆರಿಸುವುದು ಹೇಗೆ?

ಪರೀಕ್ಷೆ ಮುಗಿದ ದಿನದಿಂದ ಶಾಲೆ ಮತ್ತೆ ತೆರೆಯುವವರೆಗೆ, ಅಂದರೆ ಮಾರ್ಚ್ ಕೊನೆಯಿಂದ ಜೂನ್ ಮೊದಲ ಭಾಗದವರೆಗೆ ಬಿಡುಗಡೆಯಾಗುವ ಚಿತ್ರಗಳನ್ನು ಬೇಸಿಗೆ ಸಿನಿಮಾ ಎಂದು ಕರೆಯುವುದು ರೂಢಿ. ಗುಬ್ಬಿ ತಾಲ್ಲೂಕಿನ ಕಡಬದಂಥ ಊರಿನಲ್ಲಿ ಆ ಹೊತ್ತಿಗೆ ರಾಗಿ ಒಕ್ಕಣೆ ಮುಗಿದಿರುತ್ತದೆ, ಯುಗಾದಿ ಕಳೆದಿರುತ್ತದೆ, ಬೆಂಗಳೂರಿನಿಂದ ಮೊಮ್ಮಕ್ಕಳು ಅಜ್ಜಿ ಮನೆಗೆ ಬಂದಿರುತ್ತಾರೆ. ಒಂದು ದಿನ ಎಲ್ಲರೂ ಸೇರಿ ತುಮಕೂರಿಗೆ ಹೋಗಿ ಸಿನಿಮಾ ನೋಡಿ ಬರೋಣ ಎಂಬ ಮಾತು ಏಳುವುದು ಆಗಲೇ. ಹೊರಡುವವರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೂ ಇರುತ್ತಾರೆ, ಆರು ವರ್ಷದ ಮಗುವೂ ಇರುತ್ತದೆ, ಹೊಡೆದಾಟದ ಚಿತ್ರವೇ ಬೇಕೆಂದು ಹಟ ಹಿಡಿಯುವ ಹದಿನೈದರ ಹುಡುಗನೂ ಇರುತ್ತಾನೆ. ಇವರೆಲ್ಲರಿಗೂ ಹೊಂದುವ ಒಂದು ಚಿತ್ರವನ್ನು ಆರಿಸಲು ಬೇಕಾದ ಮಾಹಿತಿ ಇಲ್ಲಿದೆ.

ಬೇಸಿಗೆಗೆ ದೊಡ್ಡ ಚಿತ್ರಗಳು ಏಕೆ?

ರಜೆಯಲ್ಲಿ ಇಡೀ ಕುಟುಂಬ ಒಟ್ಟಿಗೆ ಚಿತ್ರಮಂದಿರಕ್ಕೆ ಬರುತ್ತದೆ ಎಂಬ ಲೆಕ್ಕಾಚಾರದ ಮೇಲೆ ನಿರ್ಮಾಪಕರು ದೊಡ್ಡ ಬಜೆಟ್ಟಿನ ಚಿತ್ರಗಳನ್ನು ಬೇಸಿಗೆಗೆ ಇಟ್ಟುಕೊಳ್ಳುತ್ತಾರೆ. ಕನ್ನಡದಲ್ಲಿ ಇದು ಹೊಸದಲ್ಲ. ತುಮಕೂರು ಜಿಲ್ಲೆಯವರೇ ಆದ ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ತೆರೆ ಕಂಡದ್ದು 1972ರ ಮಾರ್ಚ್ 31ರಂದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಶಿವರಾಜ್‌ಕುಮಾರ್ ಅಭಿನಯದ, ಉಪೇಂದ್ರ ನಿರ್ದೇಶನದ ‘ಓಂ’ 1995ರ ಮೇ 19ರಂದು ಬಂತು. ಪುನೀತ್ ರಾಜ್‌ಕುಮಾರ್ ಅವರ ‘ರಾಜಕುಮಾರ’ 2017ರ ಮಾರ್ಚ್ 24ರಂದು, ‘ಬಾಹುಬಲಿ 2’ ಅದೇ ವರ್ಷದ ಏಪ್ರಿಲ್ 28ರಂದು, ‘ಕೆಜಿಎಫ್ ಚಾಪ್ಟರ್ 2’ 2022ರ ಏಪ್ರಿಲ್ 14ರಂದು, ‘777 ಚಾರ್ಲಿ’ 2022ರ ಜೂನ್ 10ರಂದು ಬಿಡುಗಡೆಯಾದವು. ಬಂದೂಕಿನ ಕಥೆಯೂ ನಾಯಿಯ ಕಥೆಯೂ ಎರಡು ತಿಂಗಳ ಅಂತರದಲ್ಲಿ ಒಂದೇ ಬೇಸಿಗೆಯಲ್ಲಿ ಗೆದ್ದದ್ದು ಗಮನಿಸಬೇಕಾದ ಸಂಗತಿ.

ಬೇಸಿಗೆಗೆ ಒಂದು ಅಡ್ಡಿಯೂ ಉಂಟು. ಐಪಿಎಲ್ ಪಂದ್ಯಗಳು ಸಾಮಾನ್ಯವಾಗಿ ಮಾರ್ಚ್ ಕೊನೆಯ ವಾರದಿಂದ ಮೇ ಕೊನೆಯವರೆಗೆ ನಡೆಯುತ್ತವೆ. ಸಂಜೆಯ ಪಂದ್ಯ ಏಳೂವರೆಗೆ ಶುರುವಾಗುತ್ತದೆ. ಆರ್‌ಸಿಬಿ ಆಡುವ ದಿನ ಚಿತ್ರಮಂದಿರದ ಸಂಜೆಯ ಆಟಗಳಿಗೆ ಜನ ಕಡಿಮೆ. ಒಳ್ಳೆಯ ಸೀಟು ಬೇಕೆನ್ನುವ ಕುಟುಂಬಕ್ಕೆ ಅಂಥ ದಿನ ಅನುಕೂಲ.

ಆ್ಯಕ್ಷನ್ ಮತ್ತು ಫ್ಯಾಮಿಲಿ

ಪೋಸ್ಟರಿನಲ್ಲಿ ನಾಯಕ ಮಚ್ಚು ಹಿಡಿದು ನಿಂತಿದ್ದರೆ ಆ್ಯಕ್ಷನ್ ಸಿನಿಮಾ, ತುಂಬಿದ ಮನೆಯ ನಗುಮುಖಗಳು ಕಂಡರೆ ಫ್ಯಾಮಿಲಿ ಸಿನಿಮಾ ಎಂದು ಜನ ಗುರುತಿಸುತ್ತಾರೆ. ಕನ್ನಡ ಚಿತ್ರಗಳ ಮಟ್ಟಿಗೆ ಈ ಗುರುತು ಪೂರ್ತಿ ನಂಬುವಂಥದ್ದಲ್ಲ. ‘ಕೆಜಿಎಫ್’ನ ರಕ್ತಪಾತದ ಹಿಂದೆ ಇರುವುದು ತಾಯಿಗೆ ಮಗ ಕೊಟ್ಟ ಮಾತು. ವೃದ್ಧಾಶ್ರಮದ ಹಿರಿಯರ ಕಥೆ ಹೇಳುವ ‘ರಾಜಕುಮಾರ’ದಲ್ಲಿ ಹೊಡೆದಾಟಗಳಿಗೆ ಕೊರತೆಯಿಲ್ಲ. ‘ಓಂ’ ಭೂಗತ ಲೋಕದ ಕಥೆಯಾದರೂ ಅದನ್ನು ಜನ ಪ್ರೇಮಕಥೆಯಾಗಿಯೂ ನೆನೆಯುತ್ತಾರೆ.

ಈ ಬೆರಕೆಯ ಬೇರು ಇದೇ ಸೀಮೆಯಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಹಾಡು, ಹಾಸ್ಯ, ಭಕ್ತಿ, ಯುದ್ಧ ಎಲ್ಲವನ್ನೂ ಒಂದೇ ರಾತ್ರಿಯ ಆಟದಲ್ಲಿ ಕೊಡುತ್ತಿತ್ತು. ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದು ಕಂಪನಿಯ ಗುಬ್ಬಿ ವೀರಣ್ಣನವರು ದೊಡ್ಡ ಹೆಸರು ಪಡೆದರು. ಅಜ್ಜಿಗೆ ಭಕ್ತಿ, ಮಗುವಿಗೆ ಆನೆ, ಯುವಕನಿಗೆ ಯುದ್ಧ: ಒಂದೇ ಟಿಕೆಟ್ಟಿನಲ್ಲಿ ಮನೆಮಂದಿಗೆಲ್ಲ ಪಾಲು ಸಿಗುತ್ತಿತ್ತು. ವೀರಣ್ಣನವರು ನಿರ್ಮಾಣದಲ್ಲಿ ಪಾಲುಗೊಂಡ ‘ಬೇಡರ ಕಣ್ಣಪ್ಪ’ 1954ರಲ್ಲಿ ತೆರೆ ಕಂಡಿತು. ರಾಜ್‌ಕುಮಾರ್ ನಾಯಕರಾದದ್ದು ಅದರಲ್ಲೇ, ತಿಪಟೂರಿನ ನರಸಿಂಹರಾಜು ಜನಪ್ರಿಯರಾದದ್ದೂ ಅದರಿಂದಲೇ. ಬೇಟೆಗಾರನ ಬದುಕು, ಭಕ್ತಿ, ಹಾಸ್ಯ ಮೂರೂ ಆ ಚಿತ್ರದಲ್ಲಿ ಒಟ್ಟಿಗಿವೆ.

ಆದ್ದರಿಂದ ಚಿತ್ರ ಆ್ಯಕ್ಷನ್ನೋ ಫ್ಯಾಮಿಲಿಯೋ ಎಂದು ಕೇಳಿದರೆ ಸಾಲದು. ಹಿಂಸೆಯನ್ನು ಎಷ್ಟು ಹತ್ತಿರದಿಂದ ತೋರಿಸಿದ್ದಾರೆ, ಮಕ್ಕಳ ಮೇಲೆ ಅಥವಾ ಹೆಂಗಸರ ಮೇಲೆ ದೌರ್ಜನ್ಯದ ದೃಶ್ಯವಿದೆಯೇ, ಸಾವು ಸಂಕಟ ಎಷ್ಟಿದೆ, ಮಾತಿನಲ್ಲಿ ಡಬಲ್ ಮೀನಿಂಗ್ ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು.

ಸೆನ್ಸಾರ್ ಪ್ರಮಾಣಪತ್ರ ಓದುವುದು

ಚಿತ್ರ ಶುರುವಾಗುವ ಮೊದಲು ಕೆಲವು ಕ್ಷಣ ಪರದೆಯ ಮೇಲೆ ಕಾಣುವ ಹಾಳೆಯೇ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ ಕೊಡುವ ಪ್ರಮಾಣಪತ್ರ. ಚಿತ್ರದ ಹೆಸರು, ಭಾಷೆ, ಅವಧಿ, ಯಾವ ವಯಸ್ಸಿನವರಿಗೆ ತಕ್ಕದ್ದು ಎಂಬ ವಿವರ ಅದರಲ್ಲಿರುತ್ತದೆ. ಆದರೆ ಪರದೆಯ ಮೇಲೆ ಅದು ಬರುವ ಹೊತ್ತಿಗೆ ಟಿಕೆಟ್ ಹರಿದಾಗಿರುತ್ತದೆ. ಹಾಗಾಗಿ ಪೋಸ್ಟರಿನ ಮೂಲೆಯಲ್ಲೋ ಟಿಕೆಟ್ ಬುಕಿಂಗ್ ಆ್ಯಪಿನಲ್ಲಿ ಚಿತ್ರದ ಹೆಸರಿನ ಪಕ್ಕದಲ್ಲೋ ಮೊದಲೇ ನೋಡಿಕೊಳ್ಳಬೇಕು.

ಯು ಎಂದರೆ ಎಲ್ಲ ವಯಸ್ಸಿನವರೂ ನೋಡಬಹುದಾದ ಚಿತ್ರ. ಎ ಎಂದರೆ 18 ತುಂಬಿದವರಿಗೆ ಮಾತ್ರ. ಹಿಂದೆ ಇವೆರಡರ ನಡುವೆ ಯುಎ ಎಂಬ ಒಂದೇ ವರ್ಗವಿತ್ತು, 12 ವರ್ಷದೊಳಗಿನ ಮಕ್ಕಳಿಗೆ ಪೋಷಕರ ಮಾರ್ಗದರ್ಶನ ಬೇಕು ಎಂದು ಅದರ ಅರ್ಥ. 2023ರ ಕಾನೂನು ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ ಅದನ್ನು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿ ಒಡೆಯಲಾಗಿದೆ. ಕುಟುಂಬಗಳಿಗೆ ಈ ಬದಲಾವಣೆಯಿಂದ ದೊಡ್ಡ ಉಪಕಾರವಾಗಿದೆ. ಹಿಂದೆ ಒಂದೇ ಮುದ್ರೆಯಡಿ ಬರುತ್ತಿದ್ದ ಸೌಮ್ಯ ಚಿತ್ರವೂ ರಕ್ತಸಿಕ್ತ ಚಿತ್ರವೂ ಈಗ ಬೇರೆ ಬೇರೆಯಾಗಿ ಕಾಣುತ್ತವೆ.

ಯುಎ ಚಿತ್ರಕ್ಕೆ ಮಗುವನ್ನು ಕರೆದೊಯ್ಯಲು ಕಾನೂನಿನ ತಡೆ ಇಲ್ಲ, ತೀರ್ಮಾನ ತಂದೆ ತಾಯಿಯದು. ಎ ಚಿತ್ರಕ್ಕೆ ಹಾಗಲ್ಲ. ಅಪ್ಪ ಅಮ್ಮ ಜೊತೆಗಿದ್ದರೂ 18 ತುಂಬದವರನ್ನು ಒಳಗೆ ಬಿಡುವಂತಿಲ್ಲ. ಊರಿನಿಂದ ಬಸ್ ಹತ್ತಿ ಬಂದ ಮೇಲೆ ಬಾಗಿಲಲ್ಲಿ ತಡೆದರೆ ದಿನವೆಲ್ಲ ಹಾಳು.

ನಟನ ಹೆಸರಾಗಲಿ ನಿರ್ದೇಶಕನ ಹಿಂದಿನ ಚಿತ್ರವಾಗಲಿ ಮಕ್ಕಳು ನೋಡಬಹುದಾದ ಚಿತ್ರ ಎಂಬುದಕ್ಕೆ ಭರವಸೆ ಅಲ್ಲ. ಮನೆಮಂದಿ ಮೆಚ್ಚುವ ನಟನೆಂದು ಹೆಸರಾದ ತೆಲುಗಿನ ನಾನಿ ಅವರ ‘ಹಿಟ್ 3’ 2025ರ ಮೇ 1ರಂದು ಎ ಪ್ರಮಾಣಪತ್ರದೊಂದಿಗೆ ಬಂತು. ‘ಕೆಜಿಎಫ್’ನ ಎರಡೂ ಭಾಗ ಮಾಡಿದ ಪ್ರಶಾಂತ್ ನೀಲ್ ಅವರ ‘ಸಲಾರ್’ 2023ರ ಡಿಸೆಂಬರ್‌ನಲ್ಲಿ ಬಂದಾಗ ಅದಕ್ಕೂ ಎ ಸಿಕ್ಕಿತ್ತು. ‘ಕೆಜಿಎಫ್ 2’ ನೋಡಿದ್ದ ಶಾಲಾ ಮಕ್ಕಳು ‘ಸಲಾರ್’ ಅನ್ನು ಚಿತ್ರಮಂದಿರದಲ್ಲಿ ನೋಡುವಂತಿರಲಿಲ್ಲ.

ಪ್ರಮಾಣಪತ್ರ ಒಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ. ‘ಕೆಜಿಎಫ್ 2’ರಲ್ಲಿ ನಾಯಕ ರಾಕಿ ‘ದೊಡ್ಡಮ್ಮ’ ಎಂಬ ಭಾರಿ ಬಂದೂಕನ್ನು ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿ ಗುಂಡಿನ ಮಳೆ ಸುರಿಸುತ್ತಾನೆ. ಠಾಣೆ ಚೂರುಚೂರಾದ ಮೇಲೆ ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಹದಿನೈದರ ಹುಡುಗ ಅಲ್ಲಿ ಶಿಳ್ಳೆ ಹೊಡೆಯುತ್ತಾನೆ. ಆರು ವರ್ಷದ ಮಗು ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಅಮ್ಮನ ಮಡಿಲಿಗೆ ಮುಖ ಹುದುಗಿಸುತ್ತದೆ. ‘777 ಚಾರ್ಲಿ’ಯಲ್ಲಿ ಅಂಥ ಗುಂಡಿನ ಸದ್ದಿಲ್ಲ. ಒಂಟಿ ಧರ್ಮನ ಮನೆಗೆ ಬಂದ ನಾಯಿಮರಿಯ ತುಂಟಾಟಕ್ಕೆ ಮಕ್ಕಳು ಮೊದಲರ್ಧದಲ್ಲಿ ಬಿದ್ದು ಬಿದ್ದು ನಗುತ್ತಾರೆ. ಚಾರ್ಲಿಗೆ ಕಾಯಿಲೆ ಎಂದು ತಿಳಿದ ಮೇಲೆ, ಹಿಮ ತೋರಿಸಲೆಂದು ಧರ್ಮ ಅದನ್ನು ಉತ್ತರಕ್ಕೆ ಕರೆದೊಯ್ಯುವಾಗ ಅದೇ ಮಕ್ಕಳು ಬಿಕ್ಕಿ ಅಳುತ್ತಾರೆ. ಮನೆಯಲ್ಲಿ ಸಾಕಿದ ನಾಯಿ ಇತ್ತೀಚೆಗೆ ಸತ್ತಿದ್ದರೆ ಆ ಮಗುವಿಗೆ ಈ ಚಿತ್ರ ಭಾರವಾಗುತ್ತದೆ. ಅದು ಯಾವ ಮುದ್ರೆಯಲ್ಲೂ ಬರೆದಿರುವುದಿಲ್ಲ, ಮನೆಯವರೇ ತೂಗಿ ನೋಡಬೇಕು.

ಅನಿಮೇಷನ್ ಎಂದ ಮಾತ್ರಕ್ಕೆ ಪುಟ್ಟ ಮಕ್ಕಳದ್ದು ಎಂದುಕೊಳ್ಳುವುದೂ ಸರಿಯಲ್ಲ. 2025ರ ಜುಲೈನಲ್ಲಿ ಕನ್ನಡದಲ್ಲೂ ಬಂದ ‘ಮಹಾವತಾರ್ ನರಸಿಂಹ’ ಪುರಾಣದ ಕಥೆಯೇ ಆದರೂ ಕೊನೆಯ ಕಾಳಗದ ಉಗ್ರತೆ ಸಣ್ಣ ಮಕ್ಕಳನ್ನು ಬೆಚ್ಚಿಸುವಷ್ಟಿದೆ.

ನೋಡಿ ಬಂದವರ ಮಾತನ್ನು ತೂಗುವುದು

ಪತ್ರಿಕೆಯ ವಿಮರ್ಶೆಗಿಂತ ನೋಡಿ ಬಂದ ಪಕ್ಕದ ಮನೆಯವರ ಒಂದು ಮಾತು ಹೆಚ್ಚು ಜನರನ್ನು ಚಿತ್ರಮಂದಿರಕ್ಕೆ ಕಳಿಸುತ್ತದೆ. ಆ ಮಾತಿಗೆ ಬೆಲೆಯೂ ಇದೆ, ಏಕೆಂದರೆ ಅದು ಸ್ವಂತ ದುಡ್ಡು ಕೊಟ್ಟು ನೋಡಿದವರ ಮಾತು. ಆದರೆ ಹೇಳಿದವರು ಯಾರು, ಯಾವ ದಿನ ನೋಡಿದರು ಎಂಬುದರ ಮೇಲೆ ಅದರ ತೂಕ ನಿಲ್ಲುತ್ತದೆ.

ಮೊದಲ ದಿನ ಮೊದಲ ಆಟಕ್ಕೆ ಹೋಗುವವರಲ್ಲಿ ಅಭಿಮಾನಿಗಳೇ ಹೆಚ್ಚು. ಕಟೌಟಿಗೆ ಹಾಲು ಎರೆದು, ಪಟಾಕಿ ಹಚ್ಚಿ ಒಳಗೆ ಹೋದವರು ಹೊರಗೆ ಬಂದು ‘ಬೆಂಕಿ’ ಎನ್ನುತ್ತಾರೆ. ಅದು ಹಬ್ಬದ ಸಂತೋಷ. ಶನಿವಾರ, ಭಾನುವಾರ ಕುಟುಂಬಗಳು ನೋಡಿದ ಮೇಲೆ ಬರುವ ಮಾತು ಮನೆಮಂದಿಗೆ ಹೆಚ್ಚು ಉಪಯುಕ್ತ. ಸೋಮವಾರದ ಆಟಕ್ಕೂ ಜನ ಇದ್ದಾರೆಂದರೆ ಚಿತ್ರ ಬಾಯಿಮಾತಿನಿಂದ ನಡೆಯುತ್ತಿದೆ ಎಂದು ಅರ್ಥ. ಹಾಗಾಗಿ ಮೊದಲ ವಾರಾಂತ್ಯ ಬಿಟ್ಟು ಮಂಗಳವಾರವೋ ಬುಧವಾರವೋ ಹೋಗುವ ಕುಟುಂಬಕ್ಕೆ ನಂಬಬಹುದಾದ ಅಭಿಪ್ರಾಯವೂ ಸಿಗುತ್ತದೆ, ಬೇಕಾದ ಸೀಟೂ ಸಿಗುತ್ತದೆ.

ಜನ ಬಳಸುವ ಕೆಲವು ಮಾತುಗಳಿಂದ ಮನೆಮಂದಿಗೆ ತಿಳಿಯುವುದು ಇಷ್ಟು:

‘ಫಸ್ಟ್ ಹಾಫ್ ಸ್ವಲ್ಪ ಲ್ಯಾಗು, ಸೆಕೆಂಡ್ ಹಾಫ್ ಸೂಪರ್’ ಎಂದರೆ ಮೊದಲ ಒಂದೂಕಾಲು ಗಂಟೆ ಸಣ್ಣ ಮಕ್ಕಳು ಸುಮ್ಮನೆ ಕೂರುವುದು ಕಷ್ಟ.

‘ಪಕ್ಕಾ ಮಾಸ್’ ಎಂದರೆ ನಾಯಕನ ಎಂಟ್ರಿ, ಫೈಟು, ಡೈಲಾಗಿಗೆ ಪ್ರಾಧಾನ್ಯ, ಸದ್ದು ಜೋರು. ಯುವಕರಿಗೆ ಹಬ್ಬ, ಹಿರಿಯರಿಗೆ ತಲೆನೋವು ಬರಬಹುದು.

‘ಒಂದ್ಸಲ ನೋಡ್ಬೋದು’ ಎಂದರೆ ಬೇಸರವಿಲ್ಲ, ಆದರೆ ಐದು ಜನರ ಟಿಕೆಟ್ ಖರ್ಚು ಮಾಡಿ ಹೋಗಲೇಬೇಕಾದ ಚಿತ್ರವೂ ಅಲ್ಲ. ಮನೆಯ ಟಿವಿಗೆ ಬರುವವರೆಗೆ ಕಾಯಬಹುದು.

‘ಫ್ಯಾಮಿಲಿ ಕೂತು ನೋಡೋ ಸಿನಿಮಾ’ ಎಂದರೆ ಮುಜುಗರದ ದೃಶ್ಯ, ಮಾತು ಇಲ್ಲ ಎಂಬ ಭರವಸೆ. ಹಿಂಸೆ ಇಲ್ಲ ಎಂಬ ಭರವಸೆ ಮಾತ್ರ ಇದರಲ್ಲಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು.

‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಸಿಗುವ ಉತ್ತರದಿಂದ ಹೆಚ್ಚು ಪ್ರಯೋಜನವಿಲ್ಲ. ‘ನಿಮ್ಮ ಜೊತೆ ಎಷ್ಟು ವರ್ಷದ ಮಕ್ಕಳಿದ್ದರು, ಎಲ್ಲಿಯಾದರೂ ಹೆದರಿದರಾ, ಅಜ್ಜಿಗೆ ಎಲ್ಲಿಯಾದರೂ ಬೇಸರವಾಯಿತಾ’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಅವಧಿ, ಭಾಷೆ, 3ಡಿ

ದೊಡ್ಡ ಚಿತ್ರಗಳು ಉದ್ದವೂ ಆಗಿರುತ್ತವೆ. ‘ಕೆಜಿಎಫ್ 2’ 168 ನಿಮಿಷ, ‘777 ಚಾರ್ಲಿ’ 164 ನಿಮಿಷ, 2019ರ ಏಪ್ರಿಲ್‌ನಲ್ಲಿ ಬಂದ ಹಾಲಿವುಡ್ಡಿನ ‘ಅವೆಂಜರ್ಸ್: ಎಂಡ್‌ಗೇಮ್’ 181 ನಿಮಿಷ. ಇದಕ್ಕೆ ಜಾಹೀರಾತು, ಟ್ರೇಲರ್, ಇಂಟರ್ವಲ್ ಸೇರಿ ಅರ್ಧ ಗಂಟೆಯ ಆಸುಪಾಸು ಕೂಡಿಸಿಕೊಳ್ಳಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ ಎರಡೂಕಾಲು ಗಂಟೆ ದಾಟಿದ ಚಿತ್ರ ಉದ್ದವೆಂದೇ ಲೆಕ್ಕ. ಮಂಡಿನೋವಿನ ಹಿರಿಯರಿಗೂ ಅಷ್ಟೇ. ಅವರಿಗೆ ಮೆಟ್ಟಿಲು ಕಡಿಮೆ ಇರುವ ಕಡೆ, ನಡುದಾರಿಯ ಪಕ್ಕದ ಸೀಟು ಕಾದಿರಿಸುವುದು ಒಳ್ಳೆಯದು.

ಬೇರೆ ಭಾಷೆಯ ಚಿತ್ರಗಳು ಕನ್ನಡದಲ್ಲಿ ಸಿಗುತ್ತವೆಯೇ ಎಂದು ನೋಡಿಕೊಳ್ಳುವುದು ಹಿರಿಯರ ಮತ್ತು ಮಕ್ಕಳ ಮಟ್ಟಿಗೆ ಮುಖ್ಯ. ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ಅವಕಾಶವಿರಲಿಲ್ಲ. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಬಂದ ನಂತರ ಬಾಗಿಲು ತೆರೆಯಿತು. ‘ಆರ್‌ಆರ್‌ಆರ್’, ‘ಅವತಾರ್: ದ ವೇ ಆಫ್ ವಾಟರ್’, 2023ರ ಜೂನ್‌ನ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಇವೆಲ್ಲ ಕನ್ನಡದಲ್ಲೂ ಬಂದವು. ಆದರೆ ಕನ್ನಡ ಅವತರಣಿಕೆಯ ಆಟಗಳು ಕಡಿಮೆ ಇರುತ್ತವೆ. ಆ್ಯಪಿನಲ್ಲಿ ಚಿತ್ರದ ಹೆಸರಿನ ಕೆಳಗೆ ಭಾಷೆಯನ್ನು ಕನ್ನಡ ಎಂದು ಆರಿಸಿ ನೋಡಬೇಕು, ಇಲ್ಲವೇ ಕೌಂಟರಿನಲ್ಲಿ ಕೇಳಬೇಕು. ಕನ್ನಡದಲ್ಲಿ ನೋಡುವವರು ಕೇಳಿದಷ್ಟೂ ಅಂಥ ಆಟಗಳು ಹೆಚ್ಚುತ್ತವೆ.

3ಡಿ ಕನ್ನಡಕ ಸಣ್ಣ ಮಕ್ಕಳ ಮುಖಕ್ಕೆ ಕೂರುವುದಿಲ್ಲ, ಪವರ್ ಕನ್ನಡಕ ಹಾಕುವವರಿಗೆ ಎರಡು ಕನ್ನಡಕ ಒಟ್ಟಿಗೆ ತೊಡುವ ಕಷ್ಟ, ಕೆಲವರಿಗೆ ತಲೆಸುತ್ತು. 2022ರ ‘ವಿಕ್ರಾಂತ್ ರೋಣ’ದಂತೆ ಬಹುತೇಕ 3ಡಿ ಚಿತ್ರಗಳು 2ಡಿಯಲ್ಲೂ ಇರುತ್ತವೆ. ಮನೆಮಂದಿಗೆ 2ಡಿಯೇ ಹಿತ, ಅಗ್ಗವೂ ಹೌದು.

ಹೊತ್ತು, ಬಸ್ಸು, ಖರ್ಚು

ಸಂಜೆ ನಾಲ್ಕೂವರೆಯ ಆಟಕ್ಕೆ ಹೋದರೆ ‘ಕೆಜಿಎಫ್ 2’ರಷ್ಟು ಉದ್ದದ ಚಿತ್ರ ಬಿಡುವುದು ಏಳೂಮುಕ್ಕಾಲಿಗೆ. ಏಳೂವರೆಯ ಆಟ ಬಿಡುವುದು ಹತ್ತೂಮುಕ್ಕಾಲಿಗೆ. ತುಮಕೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ಒಳಗಿನ ಹಳ್ಳಿಗೆ ಹೋಗಬೇಕಾದವರಿಗೆ ಅಷ್ಟು ಹೊತ್ತಿನಲ್ಲಿ ಬಸ್ಸಿನ ಖಾತ್ರಿ ಇಲ್ಲ. ಸ್ವಂತ ವಾಹನ ಇಲ್ಲದವರಿಗೆ ಬೆಳಗಿನ ಹತ್ತೂವರೆಯ ಆಟವೋ ಮಧ್ಯಾಹ್ನದ ಆಟವೋ ಸೂಕ್ತ. ಬೇಸಿಗೆಯ ನೆತ್ತಿ ಸುಡುವ ಹೊತ್ತನ್ನು ತಂಪಾದ ಚಿತ್ರಮಂದಿರದಲ್ಲಿ ಕಳೆದ ಹಾಗೂ ಆಗುತ್ತದೆ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಹೋಗಿ ಬರಬಹುದು. ಗುರುತಿನ ಚೀಟಿ ಜೊತೆಗಿರಬೇಕು. ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಟಿಕೆಟ್ಟಿನ ಮೂಲ ಬೆಲೆಯ ಮೇಲೆ ಜಿಎಸ್‌ಟಿ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18 ತೆರಿಗೆ ಇದೆ. ಐದು ಜನರ ಕುಟುಂಬ 100 ರೂಪಾಯಿಯ ಸೀಟಿನಲ್ಲಿ ಕೂತರೆ ತೆರಿಗೆ ಸೇರಿ 525 ರೂಪಾಯಿ, 200 ರೂಪಾಯಿಯ ಸೀಟಿನಲ್ಲಿ ಕೂತರೆ 1,180 ರೂಪಾಯಿ. ಆನ್‌ಲೈನಿನಲ್ಲಿ ಬುಕ್ ಮಾಡಿದರೆ ಪ್ರತಿ ಟಿಕೆಟ್ಟಿಗೂ ಸೇವಾ ಶುಲ್ಕ ಬೇರೆ. ಕೌಂಟರಿನಲ್ಲಿ ಕೊಂಡರೆ ಅದು ಉಳಿಯುತ್ತದೆ. ಟಿಕೆಟ್ ಬೆಲೆಗೆ 200 ರೂಪಾಯಿ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಕ್ಕೆ ಹೈಕೋರ್ಟ್ ಅದೇ ತಿಂಗಳು ಮಧ್ಯಂತರ ತಡೆ ನೀಡಿತು. ಆದ್ದರಿಂದ ದೊಡ್ಡ ಚಿತ್ರದ ಮೊದಲ ವಾರದಲ್ಲಿ ಬೆಲೆ ಎಷ್ಟೆಂದು ವಿಚಾರಿಸಿಯೇ ಹೊರಡಬೇಕು. ಸಿಂಗಲ್ ಸ್ಕ್ರೀನ್ ಚಿತ್ರಮಂದಿರಗಳಲ್ಲಿ ಬೆಲೆ ಮಲ್ಟಿಪ್ಲೆಕ್ಸಿಗಿಂತ ಕಡಿಮೆ ಇರುವುದು ವಾಡಿಕೆ. ಕನ್ನಡದ ಮಾಸ್ ಚಿತ್ರಗಳ ಸಂಭ್ರಮವೂ ಅಲ್ಲೇ ಹೆಚ್ಚು. ಗದ್ದಲ ಕಡಿಮೆ ಇರಬೇಕು, ಕೂರಲು ಮೆತ್ತನೆಯ ಸೀಟು ಬೇಕು ಎನ್ನುವವರಿಗೆ ಮಲ್ಟಿಪ್ಲೆಕ್ಸ್ ಸರಿ.

ಹೊರಗಿನ ತಿಂಡಿ ತರಬಾರದೆಂದು ಹೇಳುವ ಅಧಿಕಾರ ಚಿತ್ರಮಂದಿರಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಲೇಬೇಕು, ಹಸುಗೂಸಿಗೆ ಬೇಕಾದ ಆಹಾರ ತರಲು ಬಿಡಬೇಕು. ನೀರು ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಊಟ ಮುಗಿಸಿಕೊಂಡೇ ಒಳಗೆ ಹೋದರೆ ಇಂಟರ್ವಲ್ಲಿನ ಪಾಪ್‌ಕಾರ್ನ್ ಖರ್ಚು ಇಳಿಯುತ್ತದೆ.

ಯಾವುದು ಚಿತ್ರಮಂದಿರಕ್ಕೆ, ಯಾವುದು ಮನೆಗೆ?

ದೊಡ್ಡ ಚಿತ್ರಗಳೂ ಕೆಲವೇ ವಾರಗಳಲ್ಲಿ ಒಟಿಟಿಗೆ ಬರುತ್ತವೆ. ‘ಕೆಜಿಎಫ್ 2’ ಏಳು ವಾರಗಳಲ್ಲಿ, ಜೂನ್ 3ಕ್ಕೆ ಅಮೆಜಾನ್ ಪ್ರೈಮ್ ಸದಸ್ಯರಿಗೆಲ್ಲ ಸಿಕ್ಕಿತು. ಕೋವಿಡ್ ಕಾಲದ ‘ಯುವರತ್ನ’ 2021ರ ಏಪ್ರಿಲ್ 1ರಂದು ತೆರೆಗೆ ಬಂದು ಎಂಟೇ ದಿನದಲ್ಲಿ ಮನೆಗೆ ಬಂತು. ದೃಶ್ಯವೈಭವ, ಹಿನ್ನೆಲೆ ಸಂಗೀತ, ಜನರ ಕೂಗಿನ ಮೇಲೆ ನಿಂತ ಚಿತ್ರಕ್ಕೆ ಚಿತ್ರಮಂದಿರವೇ ಬೇಕು. ಸಂಭಾಷಣೆ, ಸಂಸಾರದ ಕಥೆಯ ಮೇಲೆ ನಿಂತದ್ದಕ್ಕೆ ಮನೆಯ ಟಿವಿ ನಡೆಯುತ್ತದೆ. ಒಟಿಟಿಯಲ್ಲಿಯೂ ವಯಸ್ಸಿನ ವರ್ಗ ತೋರಿಸಬೇಕೆಂಬ ನಿಯಮ 2021ರಿಂದ ಇದೆ. ಮಕ್ಕಳ ಪ್ರೊಫೈಲ್ ಬೇರೆ ಮಾಡಿ ಪಿನ್ ಹಾಕಿಡಬಹುದು. ‘ಸಿಂಹದ ಮರಿ ಸೈನ್ಯ’, ‘ಬೆಟ್ಟದ ಹೂವು’, ‘ಚಿನ್ನಾರಿ ಮುತ್ತ’, ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ರಜೆಯಲ್ಲಿ ಮನೆಯಲ್ಲೇ ಕೂತು ಮಕ್ಕಳಿಗೆ ತೋರಿಸಬೇಕಾದ ಚಿತ್ರಗಳು.

ವಯಸ್ಸಿಗೆ ತಕ್ಕ ತೀರ್ಮಾನ

ಐದು ವರ್ಷದೊಳಗಿನ ಮಗು ಇದ್ದರೆ ಮಾಸ್ ಆ್ಯಕ್ಷನ್ ಚಿತ್ರಕ್ಕೆ ಕರೆದೊಯ್ಯಬಾರದು. ಆ ಸದ್ದು ಮತ್ತು ಕತ್ತಲೆ ಮಗುವಿಗೆ ಹಿಂಸೆ, ಅಳು ಮಿಕ್ಕವರಿಗೆ ತೊಂದರೆ. ಆರರಿಂದ ಹನ್ನೆರಡರ ಮಕ್ಕಳಿಗೆ ಯು ಅಥವಾ ಯುಎ 7+ ಸಾಕು. ಹದಿಮೂರು ದಾಟಿದವರಿಗೆ ಯುಎ 13+ ಆ್ಯಕ್ಷನ್ ಚಿತ್ರ ತೋರಿಸಬಹುದು, ಆದರೆ ದೊಡ್ಡವರು ಜೊತೆಗಿದ್ದು, ಬರುವಾಗ ದಾರಿಯಲ್ಲಿ ಆ ಹಿಂಸೆಯ ಬಗ್ಗೆ ಒಂದೆರಡು ಮಾತಾಡಬೇಕು. ಯುಎ 16+ ಚಿತ್ರಕ್ಕೆ ಯುವಕರು ಬೇರೆ ದಿನ ಹೋಗಿ ಬರಲಿ.

ಎಲ್ಲರೂ ಒಟ್ಟಿಗೆ ಹೋಗುವುದಾದರೆ ಮನೆಯ ಅತಿ ಚಿಕ್ಕ ಮಗುವಿಗೂ ಅತಿ ಹಿರಿಯರಿಗೂ ಒಪ್ಪುವ ಚಿತ್ರವನ್ನೇ ಆರಿಸಬೇಕು. ನಡುವಿನವರು ಅದಕ್ಕೆ ಹೊಂದಿಕೊಳ್ಳುತ್ತಾರೆ. ನೋಡಿ ಬಂದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದಷ್ಟೇ ಹೇಳಿ ಮುಗಿಸದೆ, ಯಾವ ವಯಸ್ಸಿನವರು ಜೊತೆಗಿದ್ದರು, ಯಾವ ದೃಶ್ಯಕ್ಕೆ ಮಕ್ಕಳು ಹೆದರಿದರು, ಎಷ್ಟು ಖರ್ಚಾಯಿತು ಎಂಬುದನ್ನು ಅಕ್ಕಪಕ್ಕದವರಿಗೆ ತಿಳಿಸಿ. ಊರಿನ ಇನ್ನೊಂದು ಮನೆಯವರು ಟಿಕೆಟ್ ಕೊಳ್ಳುವ ಮೊದಲು ಕೇಳಬೇಕಾದ ಮಾತು ಅದೇ.